ಚಳಿಜ್ವರವನ್ನು ಕಡೆಗಣಿಸಬೇಡಿ

ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಮುಗಿದು, ಹೊಲಿಗೆ ಬಿಚ್ಚಿ, ರೋಗಿಯು ಮನೆಗೆ ಮರಳಿದನೆಂದರೆ ಗಂಡಾಂತರ ಕಳೆಯಿತೆಂದು ಮನೆಮಂದಿ ನೆಮ್ಮದಿ ತಾಳುವುದು ಸಹಜ. ಆದರೆ ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಗೆ ಒಳಗಾದವರ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಮರೆಯಲಾಗದು. ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಉರುಳಿದ ಮೇಲೂ, ಇಂತಹ ಕೆಲವರ ಯಕೃತ್ತಿನಲ್ಲಿ ಕೀವು ತುಂಬಿದ ಕುರು ಏಳುವುದುಂಟು.

ಜಠರದ ಹಿಂದೆ ಅಡ್ಡಲಾಗಿರುವ ಈ ಗ್ರಂಥಿಯ ತಲೆಭಾಗದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಾಗ ಮಾಡುವ ಶಸ್ತ್ರಚಿಕಿತ್ಸೆಗೆ ವಿಪಲ್ ಅವರ ಹೆಸರು ಬಂದಿದೆ. ಬರ್ಲಿನ್ನಿನ ವಾಲ್ಟರ್ ಕೌಶ್ 1909ರಲ್ಲಿಯೇ ಇಂತಹುದೊಂದನ್ನು ಮಾಡಿದ್ದರು. ನ್ಯೂಯಾರ್ಕಿನ ಅಲನ್ ವಿಪಲ್ 1935ರಲ್ಲಿ ಪ್ರಕಟಿಸಿದ ವರದಿಯಿಂದ ಅದು ಪ್ರಸಿದ್ಧಿ ಪಡೆಯಿತು. ಗ್ರಂಥಿಯ ತಲೆಭಾಗದೊಡನೆ ಸಣ್ಣ ಕರುಳಿನ ಮೊದಲ ಭಾಗವನ್ನೂ ಪಿತ್ತಕೋಶವನ್ನೂ ಪಿತ್ತನಾಳದ ತುದಿಯನ್ನೂ ತೆಗೆದುಹಾಕಿ, ಉಳಿದ ಪಿತ್ತನಾಳವನ್ನು ಕರುಳಿಗೆ ನೇರವಾಗಿ ಹೊಲಿಯುತ್ತಾರೆ.

ತೊಡಕಿನ ಮೂಲವಿರುವುದು ಈ ಹೊಸ ಕೂಡಿಕೆಯಲ್ಲಿ. ಪ್ರಕೃತಿಯು ಪಿತ್ತನಾಳದ ಬಾಯಲ್ಲಿ ಬಳೆಯಂತಹ ಒಂದು ಸ್ನಾಯುವನ್ನು ಇರಿಸಿದೆ. ಇಟಲಿಯ ರುಜ್ಜೇರೊ ಓಡಿ ಎಂಬವರು 1887ರಲ್ಲಿ, ತಾವಿನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅದನ್ನು ವರ್ಣಿಸಿದರು. ಪಿತ್ತರಸವನ್ನು ಕೆಳಕ್ಕೆ ಬಿಟ್ಟು, ಕರುಳಿನಲ್ಲಿರುವುದು ಮೇಲಕ್ಕೇರದಂತೆ ತಡೆಯುವ ಕಾವಲುಗಾರ ಅದು. ಶಸ್ತ್ರಚಿಕಿತ್ಸೆಯಲ್ಲಿ ಈ ಕಾವಲು ತಪ್ಪಿಹೋಗುತ್ತದೆ. ಕರುಳಿನಲ್ಲಿ ನಿರುಪದ್ರವಿಗಳಾಗಿ ಬಾಳುವ ರೋಗಾಣುಗಳು ನಾಳದ ಮೂಲಕ ಯಕೃತ್ತಿನತ್ತ ಏರಬಲ್ಲವು. ಪಿತ್ತವು ಸರಾಗವಾಗಿ ಹರಿಯುತ್ತಿರುವ ತನಕ ಅವುಗಳನ್ನು ತೊಳೆದುಕೊಂಡು ಹೋಗುತ್ತದೆ. ಕೂಡಿಕೆಯ ಜಾಗ ಕಿರಿದಾಗಿ ಪಿತ್ತ ನಿಂತರೆ, ನಿಂತ ನೀರಿನಲ್ಲಿ ಪಾಚಿ ಬೆಳೆಯುವಂತೆ, ರೋಗಾಣುಗಳು ಹೆಚ್ಚುತ್ತವೆ. ಯಕೃತ್ತಿನ ಶುದ್ಧರಕ್ತನಾಳಕ್ಕೆ ಅಡ್ಡಿಯಾದರೂ ಕುರುವಿಗೆ ಅವಕಾಶವಾಗುತ್ತದೆ. ಮಧುಮೇಹವಿದ್ದವರಿಗೆ ಅಪಾಯ ಇನ್ನೂ ಹೆಚ್ಚು. ಗ್ರಂಥಿಯ ಭಾಗ ಹೋದ ಕಾರಣದಿಂದಲೇ ಕೆಲವರಿಗೆ ಮಧುಮೇಹ ಹೊಸದಾಗಿ ಬರುವುದೂ ಉಂಟು.

ಲಕ್ಷಣಗಳು ಮೊದಮೊದಲು ಮೋಸಗೊಳಿಸುತ್ತವೆ. ನಡುಕದೊಡನೆ ಜ್ವರ ಬಂದು, ಬೆವರಿ, ಇಳಿಯುತ್ತದೆ. ಮಲೇರಿಯಾ ಇರಬಹುದೆಂದು ಒಬ್ಬರು, ಮಳೆಯಲ್ಲಿ ನೆನೆದುದರ ಫಲವೆಂದು ಇನ್ನೊಬ್ಬರು ಹೇಳುತ್ತಾರೆ. ಕಷಾಯವೂ ಜ್ವರದ ಮಾತ್ರೆಯೂ ಸಾಗುತ್ತವೆ. ಅಷ್ಟರಲ್ಲಿ ಊಟ ಸೇರದು, ಮೈ ಇಳಿಯುತ್ತದೆ, ಬಲಪಕ್ಕೆಯ ಕೆಳಗೆ ನೋವು ಕಾಣಿಸುತ್ತದೆ. ಕೆಲವರ ಕಣ್ಣು ಹಳದಿಯಾಗುತ್ತದೆ. ತಡಮಾಡಿದರೆ ನಂಜು ರಕ್ತಕ್ಕೇರಿ ಪ್ರಾಣಕ್ಕೇ ಎರವಾಗಬಹುದು.

ಮನೆಯವರು ಧೈರ್ಯಗೆಡುವ ಗಳಿಗೆ ಇನ್ನೊಂದಿದೆ. ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ಮಚ್ಚೆ ಕಾಣುತ್ತದೆ. ಕ್ಯಾನ್ಸರ್ ಮರಳಿ ಬಂದಿತು, ಇನ್ನು ಮಾಡುವುದೇನೂ ಉಳಿಯಲಿಲ್ಲವೆಂದು ಅವರು ಕೈಚೆಲ್ಲುತ್ತಾರೆ. ಕುರುವೂ ಕ್ಯಾನ್ಸರಿನ ಗಂಟೂ ಚಿತ್ರದಲ್ಲಿ ಒಂದನ್ನೊಂದು ಹೋಲುವುದುಂಟು. ರಕ್ತಪರೀಕ್ಷೆಯಿಂದ, ಅಗತ್ಯವಾದರೆ ಸೂಜಿಯಿಂದ ತೆಗೆದ ದ್ರವದ ಪರೀಕ್ಷೆಯಿಂದ, ವೈದ್ಯರು ನಿಜವನ್ನು ತಿಳಿಯುತ್ತಾರೆ. ಕುರುವೆಂದು ತಿಳಿದರೆ ಅದಕ್ಕೆ ಮದ್ದಿದೆ. ಹಲವು ವಾರಗಳ ಆಂಟಿಬಯೋಟಿಕ್ ಚಿಕಿತ್ಸೆ, ಕುರು ದೊಡ್ಡದಾಗಿದ್ದರೆ ಸ್ಕ್ಯಾನಿನ ನೆರವಿನಿಂದ ಸಣ್ಣ ನಳಿಕೆಯನ್ನಿಟ್ಟು ಕೀವನ್ನು ಹೊರಹರಿಸುವುದು, ಕೂಡಿಕೆ ಕಿರಿದಾಗಿದ್ದರೆ ಅದನ್ನು ಸರಿಪಡಿಸುವುದು ಇವೇ ಉಪಾಯಗಳು. ಹೊಟ್ಟೆಯನ್ನು ಮತ್ತೆ ಸೀಳುವ ಪ್ರಸಂಗ ಈಗ ಅಪರೂಪ.

ಮನೆಯವರು ಮಾಡಬೇಕಾದುದು ಹೆಚ್ಚೇನಿಲ್ಲ. ನಡುಕದ ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗಿರಿ. ಮನೆಯಲ್ಲಿ ಉಳಿದ ಹಳೆಯ ಆಂಟಿಬಯೋಟಿಕ್ ಮಾತ್ರೆಗಳನ್ನು ಕೊಡಬೇಡಿರಿ. ರಕ್ತದಲ್ಲಿ ರೋಗಾಣುವನ್ನು ಗುರುತಿಸುವುದು ಅದರಿಂದ ಕಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆಯ ಕಾಗದಪತ್ರಗಳನ್ನು ಜೋಪಾನವಾಗಿಡಿರಿ. ಹೊಸ ವೈದ್ಯರು ಯಾರೇ ಇರಲಿ, ಪಿತ್ತನಾಳವನ್ನು ಕರುಳಿಗೆ ಜೋಡಿಸಿದೆಯೆಂಬ ಸಂಗತಿಯನ್ನು ಮೊದಲು ಅರುಹಿರಿ. ಯಕೃತ್ತಿನ ಗಂಟಿಗೆ ಮುಂದೆ ಯಾವ ಚಿಕಿತ್ಸೆ ನಡೆಸುವುದಾದರೂ ಅವರಿಗೆ ಅದು ತಿಳಿದಿರಬೇಕು.

ರೋಗಿಯ ಗತವೃತ್ತಾಂತವನ್ನು ಮನೆಯವರಷ್ಟು ಬಲ್ಲವರು ಬೇರಾರೂ ಇಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಹೇಳುವುದೂ ಶುಶ್ರೂಷೆಯ ಒಂದು ಭಾಗವೇ.