ನಿಮ್ಮನ್ನ ಯಾವ ಊರಿಗೆ ಲೆಕ್ಕ ಹಾಕೋದು?

ಅಮೆರಿಕದ ನಡುಮಧ್ಯದಲ್ಲಿ ನೆಬ್ರಾಸ್ಕಾ ಅಂತ ಒಂದು ರಾಜ್ಯ ಇದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು, ಸುಮಾರು 2 ಲಕ್ಷ ಚದರ ಕಿಲೋಮೀಟರ್. ಅಷ್ಟು ಜಾಗದಲ್ಲಿ ಜನ ಎಷ್ಟಿದ್ದಾರೆ ಗೊತ್ತಾ? 2020ರ ಗಣತಿ ಪ್ರಕಾರ 19.6 ಲಕ್ಷ. ನಮ್ಮ ಶಿವಮೊಗ್ಗ ಜಿಲ್ಲೆ ಒಂದರಲ್ಲೇ 2011ರಲ್ಲಿ 17.5 ಲಕ್ಷ ಜನ ಇದ್ರು!

ಆದ್ರೂ ನೆಬ್ರಾಸ್ಕಾದ ಅಂಕಿಅಂಶ ನೋಡ್ತಾ ಹೋದ್ರೆ ನನಗೆ ನಮ್ಮೂರು ತಾಳಗುಂದವೇ ನೆನಪಾಗುತ್ತೆ. ಅಲ್ಲೂ ಮೆಕ್ಕೆಜೋಳ, ನಮ್ಮ ಶಿಕಾರಿಪುರ ತಾಲ್ಲೂಕಲ್ಲೂ ಮೆಕ್ಕೆಜೋಳ. ಅಲ್ಲಿರೋ 93 ಕೌಂಟಿಗಳ ಪೈಕಿ ಒಮಾಹಾ, ಲಿಂಕನ್ ನಗರಗಳ ಕಡೆಯ ಮೂರೇ ಕೌಂಟಿಗಳಲ್ಲಿ ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ. ಉಳಿದವುಗಳಲ್ಲಿ ಹೆಚ್ಚಿನವು ನಿಧಾನಕ್ಕೆ ಬರಿದಾಗ್ತಿವೆ.

ನಮ್ಮ ಕಥೆ ನೋಡಿ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಬೆಳೀತು. ಬೆಂಗಳೂರು ನಗರ ಜಿಲ್ಲೆ ಶೇ. 47. ಶಿವಮೊಗ್ಗ? ಶೇ. 6.7 ಅಷ್ಟೇ. ಪಕ್ಕದ ಚಿಕ್ಕಮಗಳೂರಲ್ಲಂತೂ ಹತ್ತು ವರ್ಷದಲ್ಲಿ ಜನ ಸ್ವಲ್ಪ ಕಮ್ಮಿನೇ ಆದ್ರು. ಇದರ ಜೊತೆಗೆ ಇನ್ನೊಂದು ಸಂಖ್ಯೆ ಇಟ್ಟು ನೋಡ್ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಹಾಗೇ ಉಳೀಬೇಕು ಅಂದ್ರೆ 2.1 ಬೇಕು. ಹುಟ್ಟೋರು ಕಮ್ಮಿ, ಹುಟ್ಟಿದವರಲ್ಲೂ ಓದಿದವರು ಊರು ಬಿಡ್ತಾರೆ. ಹಿಂದೆ ಉಳಿಯೋದು ಯಾರು ಅಂತ ಹೇಳೋಕೆ ಕ್ಯಾಲ್ಕುಲೇಟರ್ ಬೇಕಿಲ್ಲ.

ಹಾಗಂತ ವಲಸೆ ನಮ್ಮೂರಿಗೆ ಹೊಸದೇನಲ್ಲ. ತಾಳಗುಂದದ ಹಳೇ ಹೆಸರು ಸ್ಥಾನಕುಂದೂರು. ಮುಕ್ಕಣ್ಣ ಕದಂಬ ಅಹಿಚ್ಛತ್ರದಿಂದ 32 ಬ್ರಾಹ್ಮಣ ಕುಟುಂಬಗಳನ್ನ ಕರೆತಂದು ಇಲ್ಲಿ ಅಗ್ರಹಾರ ಮಾಡಿದ ಅಂತ ಇಲ್ಲಿನ ಒಂದು ಶಾಸನ ಹೇಳುತ್ತೆ. ಅದು ಇತಿಹಾಸವೋ ಐತಿಹ್ಯವೋ, ವಿದ್ವಾಂಸರು ಚರ್ಚೆ ಮಾಡಲಿ. ಆದ್ರೆ ಊರು ತನ್ನ ಕಥೆಯನ್ನ ಹೊರಗಿಂದ ಬಂದವರಿಂದಲೇ ಶುರು ಮಾಡುತ್ತೆ ಅನ್ನೋದು ಗಮನಿಸಬೇಕಾದ್ದು. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಮೇಲೆ ಇನ್ನೊಂದು ಕಥೆ ಇದೆ. ಮಯೂರಶರ್ಮ ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಅಂತ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ಆಮೇಲೆ ಕದಂಬ ರಾಜ್ಯ ಹುಟ್ಟಿತು. ಅಂದ್ರೆ ಓದೋಕೆ ಊರು ಬಿಡೋದು ನಮ್ಮಲ್ಲಿ ಇಂಜಿನಿಯರಿಂಗ್ ಸೀಟಿನಿಂದ ಶುರುವಾಗಿದ್ದಲ್ಲ. ಒಂದೇ ವ್ಯತ್ಯಾಸ, ಮಯೂರ ವಾಪಸ್ ಬಂದ.

ಈಗ ಯಾಕೆ ಈ ಮಾತು ಅಂದ್ರೆ, 2011ರ ನಂತರದ ಜನಗಣತಿಗೆ 2027ರ ಮಾರ್ಚ್ 1ನ್ನ ಆಧಾರ ದಿನ ಅಂತ ಇಟ್ಟಿದ್ದಾರೆ. ಅಮ್ಮನಿಗೆ ಈಗಲೇ ಅದರ ಚಿಂತೆ. ಫೋನಲ್ಲಿ, "ಎಣಿಸೋಕೆ ಬಂದೋರ ಹತ್ರ ನಿಂದು, ನಿನ್ನ ತಮ್ಮಂದು ಇಬ್ರದ್ದೂ ಹೆಸರು ಬರೆಸ್ತೀನಿ ಕಣೋ" ಅಂದ್ರು.

"ಬೇಡಮ್ಮ. ನಾವಿರೋದು ಬೆಂಗಳೂರಲ್ಲಿ, ಅಲ್ಲೇ ಬರೆಸ್ತೀವಿ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರೆ ನೀನು ಈ ಊರೋನಲ್ವಾ?" ಅಂದ್ರು.

ಜನಗಣತಿ ರೇಷನ್ ಕಾರ್ಡ್ ಅಲ್ಲ, ವೋಟರ್ ಲಿಸ್ಟೂ ಅಲ್ಲ. ನಾವು ಯಾವ ಊರಿಗೆ ಸೇರಿದವರು ಅಂತ ಅದು ಕೇಳಲ್ಲ, ಎಲ್ಲಿ ವಾಸ ಇದ್ದೀವಿ ಅಂತ ಕೇಳುತ್ತೆ. ಎರಡೂ ಕಡೆ ಬರೆಸಿದ್ರೆ ಒಬ್ಬನೇ ಇಬ್ಬರಾಗ್ತಾನೆ. ದಿನಾ ಡೇಟಾಬೇಸ್ ಜೊತೆ ಏಗೋ ನನಗೆ ಡೂಪ್ಲಿಕೇಟ್ ದಾಖಲೆ ಎಂಥ ತಲೆನೋವು ಅಂತ ಚೆನ್ನಾಗಿ ಗೊತ್ತು.

ಆದ್ರೆ ಅಮ್ಮನ ಕಡೆಯ ಲೆಕ್ಕವೂ ಸುಳ್ಳಲ್ಲ. ನಮ್ಮ ರಾಜ್ಯದಲ್ಲಿ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯ. ಪಂಚಾಯ್ತಿಗೆ ಬರೋ ಹಣಕಾಸು ಆಯೋಗದ ಅನುದಾನ ಹಂಚುವಾಗಲೂ ಜನಸಂಖ್ಯೆ ನೋಡ್ತಾರೆ. ನಾವು ಬೆಂಗಳೂರಲ್ಲಿ ಹೆಸರು ಬರೆಸಿದಷ್ಟೂ ಊರಿನ ಪಾಲು ಕರಗುತ್ತೆ. ಮಕ್ಕಳನ್ನ ಸಾಕಿ ಓದಿಸಿದ್ದು ಊರು, ತೆರಿಗೆ ಮತ್ತು ತಲೆಲೆಕ್ಕ ಎರಡೂ ನಗರಕ್ಕೆ. ಇದು ನ್ಯಾಯವಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ಆದ್ರೂ "ಬೇಡ" ಅಂದಿದ್ದಕ್ಕೆ ಕಾರಣ ಇದೆ. ಪಟ್ಟಿಯಲ್ಲಿ ನಾಲ್ಕು ಹೆಸರು ಇದ್ರೆ, ಅದರಲ್ಲಿ ಇಬ್ಬರು ಮೂವತ್ತರ ಆಸುಪಾಸಿನವರು ಇದ್ರೆ, ಕಾಗದದ ಮೇಲೆ ಅದು ತುಂಬಿದ ಮನೆ. ರಾತ್ರಿ ಎದೆನೋವು ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಂಡುಮಕ್ಕಳಿದ್ದಾರೆ ಅಂತ ಲೆಕ್ಕ. ನಿಜವಾಗಿ ಆ ಮನೇಲಿರೋದು ಅರವತ್ತು ದಾಟಿದ ಇಬ್ಬರು. ಇಂಥ ಮನೆಗಳು ಎಷ್ಟಿವೆ ಅಂತ ಸರಿಯಾಗಿ ಕಂಡ್ರೆ ತಾನೇ ಈ ಊರಿಗೆ ಆಂಬುಲೆನ್ಸ್, ಡಾಕ್ಟರು, ಇನ್ನೊಂದು ಬಸ್ಸು ಬೇಕು ಅಂತ ಗಟ್ಟಿಯಾಗಿ ಕೇಳೋಕಾಗೋದು? ಪ್ರೀತಿಯಿಂದ ಬರೆಸಿದ ಹೆಸರು ಅವರ ಒಂಟಿತನವನ್ನೇ ಮುಚ್ಚಿಹಾಕುತ್ತೆ.

ಅಮ್ಮನಿಗೆ ಇನ್ನೊಂದು ವಿಷಯನೂ ಹೇಳಿದೆ. ಜನಗಣತಿಯಲ್ಲಿ ಹುಟ್ಟಿದ ಸ್ಥಳ, ಹಿಂದೆ ವಾಸವಿದ್ದ ಸ್ಥಳ, ಅಲ್ಲಿಂದ ಬಂದ ಕಾರಣ, ಇವನ್ನೂ ಕೇಳ್ತಾರೆ. ಬೆಂಗಳೂರಿನ ನನ್ನ ನಮೂನೆಯಲ್ಲಿ ಹುಟ್ಟೂರಿನ ಜಾಗದಲ್ಲಿ ಶಿವಮೊಗ್ಗ ಜಿಲ್ಲೆನೇ ಇರುತ್ತೆ. ಸೊರಬದ ಕಡೆಯಿಂದ ಮದುವೆಯಾಗಿ ಬಂದ ಅಮ್ಮನೂ ಆ ಲೆಕ್ಕದಲ್ಲಿ ವಲಸೆಗಾರ್ತಿಯೇ. ದೇಶದಲ್ಲಿ ಹೆಣ್ಣುಮಕ್ಕಳ ವಲಸೆಗೆ ಅತಿ ದೊಡ್ಡ ಕಾರಣವೇ ಮದುವೆ. "ನಾನಾ? ವಲಸೆನಾ?" ಅಂತ ಅಮ್ಮ ಜೋರಾಗಿ ನಕ್ಕರು. ಆದ್ರೆ ಯೋಚಿಸಿ, ಅವರಿಗೆ ತವರು ಬಿಟ್ಟುಹೋಗಿಲ್ಲ, ಈ ಊರೂ ಪರಕೀಯ ಆಗಲಿಲ್ಲ.

ನೀವೂ ಊರು ಬಿಟ್ಟು ಬಂದವರಾದ್ರೆ ಒಂದು ಕೆಲಸ ಮಾಡಿ. ಗಣತಿಯವರು ಬರೋ ಮೊದಲೇ ಮನೆಗೆ ಫೋನ್ ಮಾಡಿ ಯಾರ ಹೆಸರು ಎಲ್ಲಿ ಬರೆಸ್ಬೇಕು ಅಂತ ಮಾತಾಡಿಕೊಳ್ಳಿ. ಹುಟ್ಟಿದ ಸ್ಥಳದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಿ. ಆಮೇಲೆ ಗಣತಿಯ ಅಂಕಿಅಂಶ ಹೊರಬಂದಾಗ ನಿಮ್ಮ ಊರಿನ ಸಾಲನ್ನ ಹುಡುಕಿ ಓದಿ. ಅಲ್ಲಿ ಕಂಡಿದ್ದನ್ನ ಹಿಡ್ಕೊಂಡು ಗ್ರಾಮಸಭೆಯಲ್ಲಿ ಏನು ಕೇಳ್ಬೇಕು ಅಂತ ಊರಲ್ಲಿರೋರಿಗೆ ಬರೆದುಕೊಡಿ. ಪಟ್ಟಿಯಲ್ಲಿ ಹೆಸರಿಲ್ಲದೆಯೂ ಊರಿಗೆ ಮಾಡಬಹುದಾದ ಕೆಲಸ ಅದು.