ತಿರುಪು ಇರುವುದು ತಿರುಗಿಸಲಿಕ್ಕೆ

ನಿಮ್ಮ ಶಾಲೆಯ ಬೀರುವಿನಲ್ಲಿ ಒಂದು ದೂರದರ್ಶಕ ಇದೆ ಎಂದುಕೊಳ್ಳಿ. ಊರಿನ ದಾನಿಗಳು ಕೊಟ್ಟದ್ದಿರಬಹುದು, ಅನುದಾನದಲ್ಲಿ ಕೊಂಡದ್ದಿರಬಹುದು. ಮೊದಲ ವರ್ಷ ಮಕ್ಕಳು ಸಾಲುಗಟ್ಟಿ ನಿಂತು ಚಂದ್ರನ ಕುಳಿಗಳನ್ನು ನೋಡಿದರು. ಆಮೇಲೆ ಅದನ್ನು ಎರಡು ಮೂರು ಬಾರಿ ಬೈಕಿನಲ್ಲಿಯೋ ಬಸ್ಸಿನಲ್ಲಿಯೋ ಬೇರೆ ಶಾಲೆಗೆ ಒಯ್ದು ತಂದಿರಿ. ಈಗ ಗುರುಗ್ರಹವನ್ನು ನೋಡಿದರೆ ಪಟ್ಟೆಗಳಿಲ್ಲ; ನಕ್ಷತ್ರಗಳಿಗೆ ಒಂದು ಕಡೆ ಮಸುಕಾದ ಬಾಲ ಬಂದಿದೆ. 'ಕೆಟ್ಟಿದೆ' ಎಂದು ದಾಸ್ತಾನು ವಹಿಯಲ್ಲಿ ಬರೆದು ಬೀಗ ಹಾಕಿದ್ದಾಯಿತು. ಹೀಗೆ ಬೀಗದೊಳಗೆ ಕುಳಿತ ದೂರದರ್ಶಕಗಳನ್ನು ನಾನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ.

ಶಿಕ್ಷಕ ಬಂಧುಗಳೇ, ಇವುಗಳಲ್ಲಿ ಹೆಚ್ಚಿನವು ಕೆಟ್ಟಿಲ್ಲ, ಶ್ರುತಿ ತಪ್ಪಿವೆ. ಶ್ರುತಿ ತಪ್ಪಿತೆಂದು ಯಾರೂ ತಂಬೂರಿಯನ್ನು ಅಟ್ಟಕ್ಕೆ ಹಾಕುವುದಿಲ್ಲ. ದೂರದರ್ಶಕದ ಶ್ರುತಿಯನ್ನೂ ಶಾಲೆಯಲ್ಲೇ, ಮಕ್ಕಳ ಎದುರಿನಲ್ಲೇ, ಮಕ್ಕಳ ಕೈಯಿಂದಲೇ ಸರಿಪಡಿಸಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಹೇಳುತ್ತಿರುವುದು ದರ್ಪಣವಿರುವ ದೂರದರ್ಶಕದ ಬಗ್ಗೆ. ಇದರ ಮೊದಲ ಮಾದರಿಯನ್ನು 1668ರಲ್ಲಿ ನ್ಯೂಟನ್ ತಾವೇ ಲೋಹದ ದರ್ಪಣವನ್ನು ಉಜ್ಜಿ ತಯಾರಿಸಿದರು. ಕೊಳವೆಯ ತಳದಲ್ಲಿ ಒಂದು ನಿಮ್ನ ದರ್ಪಣ. ಮೇಲ್ತುದಿಯ ಹತ್ತಿರ 45 ಡಿಗ್ರಿ ಓರೆಯಾಗಿ ನಿಂತ ಚಿಕ್ಕ ಸಮತಲ ದರ್ಪಣ. ಅದು ಬೆಳಕನ್ನು ಪಕ್ಕದ ಐಪೀಸಿಗೆ ತಿರುಗಿಸುತ್ತದೆ. ಈ ಎರಡು ದರ್ಪಣಗಳೂ ಐಪೀಸೂ ಒಂದೇ ಅಕ್ಷಕ್ಕೆ ಹೊಂದಿಕೊಂಡಿದ್ದರೆ ಮಾತ್ರ ಬಿಂಬ ಚೂಪಾಗಿರುತ್ತದೆ. ಮಸೂರದ ದೂರದರ್ಶಕಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ; ಅವನ್ನು ಬಿಚ್ಚಲು ಹೋಗಬೇಡಿ.

ಇಷ್ಟು ಸಣ್ಣ ಅಲುಗಾಟಕ್ಕೆ ಇಷ್ಟು ತೊಂದರೆ ಏಕೆ? ಉತ್ತರ ಬೆಳಕಿನ ಪಾಠದಲ್ಲೇ ಇದೆ. ಆಪಾತ ಕೋನವೂ ಪ್ರತಿಫಲನ ಕೋನವೂ ಸಮ. ಆದ್ದರಿಂದ ದರ್ಪಣ 1 ಡಿಗ್ರಿ ವಾಲಿದರೆ ಪ್ರತಿಫಲಿತ ಕಿರಣ 2 ಡಿಗ್ರಿ ತಿರುಗುತ್ತದೆ. ಮುಖ ನೋಡುವ ಕನ್ನಡಿಯಿಂದ 5 ಮೀಟರ್ ದೂರದ ಗೋಡೆಗೆ ಬಿಸಿಲು ಬಿಡಿ. ಕನ್ನಡಿಯನ್ನು 1 ಡಿಗ್ರಿ ವಾಲಿಸಿದರೆ ಬೆಳಕಿನ ಮಚ್ಚೆ ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ. ಸಂಗಮ ದೂರ 900 ಮಿಲಿಮೀಟರ್ ಇರುವ ದೂರದರ್ಶಕದಲ್ಲಿ ಮುಖ್ಯ ದರ್ಪಣ ಅಷ್ಟೇ ವಾಲಿದರೆ ನಕ್ಷತ್ರದ ಬಿಂಬ ಸುಮಾರು 31 ಮಿಲಿಮೀಟರ್ ಸರಿದು ಐಪೀಸಿನಿಂದಲೇ ಆಚೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಪಾಠಕ್ಕೆ ಇನ್ನೇನು ಬೇಕು?

ಸರಿಪಡಿಸಲು ವಿಶೇಷ ಉಪಕರಣ ಬೇಡ. ಐಪೀಸ್ ಕೂರುವ ರಂಧ್ರಕ್ಕೆ ಸರಿಯಾಗಿ ಹೊಂದುವ ಒಂದು ಪ್ಲಾಸ್ಟಿಕ್ ಮುಚ್ಚಳ ಹುಡುಕಿ, ಅದರ ನಟ್ಟನಡುವೆ ಸುಮಾರು 2 ಮಿಲಿಮೀಟರಿನ ತೂತು ಮಾಡಿ. ಹಗಲಿನಲ್ಲಿ, ನೆರಳಿನಲ್ಲಿ, ಬಿಳಿ ಗೋಡೆಯ ಕಡೆಗೆ ಕೊಳವೆಯನ್ನು ಅಡ್ಡಲಾಗಿ ಇಟ್ಟು ತೂತಿನಿಂದ ನೋಡಿ. ಚಿಕ್ಕ ದರ್ಪಣ ದುಂಡಗೆ, ರಂಧ್ರದ ನಡುವೆ ಕಾಣಬೇಕು. ಅದರ ಹಿಂಬದಿಯ ಮೂರು ಸಣ್ಣ ತಿರುಪುಗಳನ್ನು ಹೊಂದಿಸಿ, ಮುಖ್ಯ ದರ್ಪಣ ಪೂರ್ತಿಯಾಗಿ, ಅಂಚಿನ ಮೂರು ಹಿಡಿಕೆಗಳ ಸಮೇತ ಕಾಣುವಂತೆ ಮಾಡಿ. ಕೊನೆಗೆ ಕೊಳವೆಯ ತಳದ ತಿರುಪುಗಳನ್ನು ಹೊಂದಿಸಿ. ಚಿಕ್ಕ ದರ್ಪಣದ ಕಪ್ಪು ಪ್ರತಿಬಿಂಬ ಮುಖ್ಯ ದರ್ಪಣದ ನಡುವೆ ಬಂದರೆ ಹಗಲಿನ ಕೆಲಸ ಮುಗಿಯಿತು.

ಉಳಿದದ್ದು ರಾತ್ರಿಯ ಪರೀಕ್ಷೆ. ದೂರದರ್ಶಕವನ್ನು ಅರ್ಧ ಗಂಟೆ ಹೊರಗೆ ತಣಿಯಲು ಬಿಡಿ. ಧ್ರುವ ನಕ್ಷತ್ರವನ್ನು ನೋಟದ ನಡುವೆ ತನ್ನಿ. ಅದು ಜಾಗ ಬಿಟ್ಟು ಸರಿಯದಿರುವುದು ನಮಗೆ ಅನುಕೂಲ. ಆದರೆ ಅದು ಚಾಮರಾಜನಗರದಲ್ಲಿ ಸುಮಾರು 12 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಬಿಂಬ ತುಸು ನಡುಗಬಹುದು. ತೀರ ನಡುಗಿದರೆ ಮೇಲಿರುವ ಬೇರೆ ನಕ್ಷತ್ರವನ್ನು ಆರಿಸಿಕೊಳ್ಳಿ. ಫೋಕಸ್ ಅನ್ನು ಸ್ವಲ್ಪ ಕೆಡಿಸಿದರೆ ನಕ್ಷತ್ರ ಬಳೆಗಳಂತೆ ಹರಡುತ್ತದೆ. ನಡುವಿನ ಕಪ್ಪು ಚುಕ್ಕೆ ಸರಿಯಾಗಿ ಮಧ್ಯದಲ್ಲಿದ್ದರೆ ಹೊಂದಿಕೆ ಸರಿ. ಒಂದು ಪಕ್ಕಕ್ಕೆ ವಾಲಿದ್ದರೆ ತಳದ ತಿರುಪನ್ನು ತುಸುವೇ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವೆ ತಂದು ನೋಡಿ.

ಇಲ್ಲಿ ಒಂದು ಸ್ವಾರಸ್ಯವಿದೆ. ನೋಡುವ ರಂಧ್ರ ಕೊಳವೆಯ ಮುಂದಿನ ತುದಿಯಲ್ಲಿ, ತಿರುಪುಗಳು ಹಿಂದಿನ ತುದಿಯಲ್ಲಿ. ಒಬ್ಬರೇ ಮಾಡಿದರೆ ಹತ್ತು ಸಲ ಓಡಾಡಬೇಕು. ಒಬ್ಬಳು ನೋಡಿ ಹೇಳಿ, ಇನ್ನೊಬ್ಬಳು ತಿರುಗಿಸಿದರೆ ಕೆಲಸ ಸುಲಭ. ಏಳನೆಯ ತರಗತಿಯ ಇಬ್ಬರು ಮಕ್ಕಳಿಗೆ ಇದು ಹೇಳಿ ಮಾಡಿಸಿದ ಚಟುವಟಿಕೆ.

"ಒಡೆದು ಹೋದರೆ ಯಾರು ಹೊಣೆ?" ಎಂದು ನೀವು ಕೇಳಬಹುದು. ಈ ಅಂಜಿಕೆ ಸುಳ್ಳಲ್ಲ. ಲೆಕ್ಕ ತಪಾಸಣೆಯಲ್ಲಿ ಉತ್ತರಿಸಬೇಕಾದವರು ನೀವೇ. ಆದರೆ ತಯಾರಕರು ಈ ತಿರುಪುಗಳನ್ನು ಇಟ್ಟಿರುವುದು ತಿರುಗಿಸಲಿಕ್ಕೇ. ತಿರುಪನ್ನು ಪೂರ್ತಿ ಕಳಚಬೇಡಿ, ಒಮ್ಮೆಗೆ ಕಾಲು ಸುತ್ತು ಸಾಕು. ಸ್ಕ್ರೂಡ್ರೈವರ್ ಜಾರಿದರೆ ಮುಖ್ಯ ದರ್ಪಣದ ಮೇಲೆ ಬೀಳದಿರಲಿ ಎಂದೇ ಕೊಳವೆಯನ್ನು ಅಡ್ಡ ಇಡಲು ಹೇಳಿದ್ದು. ದರ್ಪಣವನ್ನು ಬೆರಳಿನಿಂದ ಮುಟ್ಟಬೇಡಿ, ಬಟ್ಟೆಯಿಂದ ಒರೆಸಬೇಡಿ. ದೂರದರ್ಶಕವನ್ನು ಯಾವ ಕಾರಣಕ್ಕೂ ಸೂರ್ಯನ ಕಡೆ ತಿರುಗಿಸಬೇಡಿ. ಕಣ್ಣು ಶಾಶ್ವತವಾಗಿ ಹೋಗುತ್ತದೆ. ಇಷ್ಟು ಪಾಲಿಸಿದರೆ ಅಪಾಯ ತೀರ ಕಡಿಮೆ. ಬೀಗ ಹಾಕಿಟ್ಟರೆ ನಷ್ಟವಂತೂ ಖಂಡಿತ.

"ಇದು ತಜ್ಞರ ಕೆಲಸ" ಎನ್ನುವವರೂ ಇದ್ದಾರೆ. ತಜ್ಞರೂ ಇದನ್ನೇ ಮಾಡುತ್ತಾರೆ. 2021ರ ಡಿಸೆಂಬರ್ 25ರಂದು ಉಡಾಯಿಸಿದ ಜೇಮ್ಸ್ ವೆಬ್ ದೂರದರ್ಶಕದ 6.5 ಮೀಟರ್ ಅಗಲದ ದರ್ಪಣ 18 ತುಂಡುಗಳಿಂದಾದದ್ದು. 2022ರ ಫೆಬ್ರುವರಿಯಲ್ಲಿ ಅದನ್ನು ಸಪ್ತರ್ಷಿ ಮಂಡಲದ ಎಚ್‌ಡಿ 84406 ಎಂಬ ನಕ್ಷತ್ರದತ್ತ ತಿರುಗಿಸಿದಾಗ ಒಂದು ನಕ್ಷತ್ರ 18 ಚುಕ್ಕೆಗಳಾಗಿ ಕಂಡಿತು. ಯಾರೂ ಅದನ್ನು 'ಕೆಟ್ಟಿದೆ' ಎನ್ನಲಿಲ್ಲ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದ ತುಂಡುಗಳನ್ನು ವಾರಗಟ್ಟಲೆ ಹೊಂದಿಸಿ, ಮಾರ್ಚ್ ಹೊತ್ತಿಗೆ 18 ಚುಕ್ಕೆಗಳನ್ನು ಒಂದು ಮಾಡಿದರು. ನಮ್ಮ ತಿರುಪುಗಳು ಕೈಗೆಟಕುವಷ್ಟು ಹತ್ತಿರ ಇವೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಕ್ಲಸ್ಟರ್ ಮಟ್ಟದ ಮುಂದಿನ ಸಮಾಲೋಚನಾ ಸಭೆಗೆ ಒಂದು ದೂರದರ್ಶಕವನ್ನು ತನ್ನಿ, ಅರ್ಧ ಗಂಟೆ ಇದಕ್ಕೆ ಮೀಸಲಿಡಿ. ದಾಸ್ತಾನು ವಹಿಯಲ್ಲಿ 'ಕೆಟ್ಟಿದೆ' ಎಂದು ಬರೆಯುವ ಮುನ್ನ 'ದರ್ಪಣ ಹೊಂದಿಸಿ ನೋಡಿದ ದಿನಾಂಕ' ಎಂಬ ಒಂದು ಕಲಂ ಸೇರಿಸಿ. ಮಸುಕು ಬಿಂಬ ನೋಡಿದ ಮಗು ಆಕಾಶದಲ್ಲಿ ನೋಡಲು ಏನೂ ಇಲ್ಲ ಎಂದುಕೊಂಡು ಮನೆಗೆ ಹೋಗುತ್ತದೆ. ಅದೇ ಮಗು ತಾನೇ ತಿರುಪು ತಿರುಗಿಸಿ ಗುರುವಿನ ಎರಡು ಪಟ್ಟೆಗಳನ್ನು ಕಂಡರೆ, ಉಪಕರಣ ಸರಿಯಿಲ್ಲದಿದ್ದಾಗ ಸರಿಪಡಿಸಿ ಮತ್ತೆ ನೋಡಬೇಕೆಂಬ ಪಾಠವನ್ನೂ ಕಲಿತಿರುತ್ತದೆ. ವಿಜ್ಞಾನದ ಪಾಠವೆಂದರೆ ಅದೇ ಅಲ್ಲವೇ?