ಗಾಜಿಗೂ ರಾಳಕ್ಕೂ ನೆಂಟಸ್ತಿಕೆ

ಮಕ್ಕಳೇ,

ಹೋದ ತಿಂಗಳು ನಮ್ಮ ಪುಟ್ಟಿ ಸೈಕಲ್‌ನಿಂದ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡಳು. ಹಾಲುಹಲ್ಲಾಗಿದ್ದರೆ ಚಿಂತೆಯಿರಲಿಲ್ಲ, ಇದು ಮತ್ತೆ ಹುಟ್ಟದ ಹಲ್ಲು. ಶಾಲೆಯ ನಾಟಕದಲ್ಲಿ ಅವಳೇ ರಾಣಿ. "ನಾನು ನಾಟಕಕ್ಕೆ ಹೋಗೋದೇ ಇಲ್ಲ ಅಜ್ಜಿ" ಎಂದು ಬಾಯಿಗೆ ಕೈ ಅಡ್ಡ ಹಿಡಿದು ಕುಳಿತಳು.

ದಂತವೈದ್ಯೆಯ ಬಳಿ ಕರೆದೊಯ್ದೆ. ಅವರು ಹಲ್ಲಿಗೆ ಅಂಟು ಸವರಿ, ಮೇಲೆ ಬಿಳಿ ಕಣಕದಂಥದ್ದನ್ನು ಮೆತ್ತಿ, ನೀಲಿ ಬೆಳಕು ಹಿಡಿದರು. ಅದು ಕಲ್ಲಿನಂತೆ ಗಟ್ಟಿಯಾಯಿತು.

"ಅದರಲ್ಲಿ ಏನಿದೆ ಅಜ್ಜಿ?"

"ನುಣ್ಣನೆಯ ಗಾಜಿನ ಪುಡಿ, ಜೊತೆಗೆ ರಾಳ."

"ಬಾಟಲಿಗೆ ಅಂಟಿಸಿದ ಚೀಟಿ ನೀರಲ್ಲಿ ನೆನೆದರೆ ಬಿಟ್ಟುಬರುತ್ತೆ. ಬಾಯಲ್ಲಿ ಯಾವಾಗಲೂ ಜೊಲ್ಲು ಇರುತ್ತಲ್ಲ, ಗಾಜು ಉದುರಲ್ವಾ?"

ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳಿಗೆ ಖುಷಿಯಾಯಿತು. ಒಳ್ಳೆಯ ಪ್ರಶ್ನೆ!

ನನ್ನ ಮದುವೆಯಾದಾಗ ಅಮ್ಮನಿಗೆ ಕನ್ನಡ ಮಾತ್ರ ಬರುತ್ತಿತ್ತು, ಅತ್ತೆಗೆ ತುಳು ಮಾತ್ರ. ಇಬ್ಬರ ನಡುವೆ ಕುಳಿತು ಮಾತು ಮುಟ್ಟಿಸುತ್ತಿದ್ದವಳು ನಾನು. ಗಾಜು ಮತ್ತು ರಾಳದ ನಡುವೆ ಆ ಕೆಲಸ ಮಾಡುವುದು ಸಿಲೇನ್.

ಅದರ ನಡುವೆ ಒಂದು ಸಿಲಿಕಾನ್ ಪರಮಾಣು, ಅದಕ್ಕೆ ನಾಲ್ಕು ಕೈ. ಮೂರು ಕೈಗಳಲ್ಲಿ ಮಿಥಾಕ್ಸಿ ಗುಂಪುಗಳಿವೆ. ನೀರು ಸೋಕಿದರೆ ಅವು ಮಿಥನಾಲ್ ಆಗಿ ಕಳಚುತ್ತವೆ. ಆ ಜಾಗಕ್ಕೆ ಹೈಡ್ರಾಕ್ಸಿಲ್ ಗುಂಪು ಬರುತ್ತದೆ. ಗಾಜಿನ ಮೈಮೇಲೂ ಹೈಡ್ರಾಕ್ಸಿಲ್ ಇದೆ. ಎರಡೂ ಸೇರಿದಾಗ ನೀರು ಹೊರಬಿದ್ದು, ಸಿಲಿಕಾನ್ ಮತ್ತು ಗಾಜಿನ ನಡುವೆ ಆಮ್ಲಜನಕದ ಸೇತುವೆ ಉಳಿಯುತ್ತದೆ. ನಾಲ್ಕನೆಯ ಕೈ ಉದ್ದನೆಯದು. ನೀಲಿ ಬೆಳಕು ಬಿದ್ದು ರಾಳ ಗಟ್ಟಿಯಾಗುವಾಗ ಅದೂ ರಾಳದೊಳಗೆ ಹೆಣೆದುಕೊಳ್ಳುತ್ತದೆ.

ಸಿಲೇನ್ ಹಚ್ಚಿದ ಸಿಲಿಕಾ ಪುಡಿಯನ್ನು ರಾಳಕ್ಕೆ ಬೆರೆಸಿ ಹಲ್ಲು ತುಂಬುವ ವಿಧಾನಕ್ಕೆ ಅಮೆರಿಕದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದರು.

"ಹಾಗಾದರೆ ಇದು ಯಾವತ್ತೂ ಬಿಡಲ್ವಾ?"

ಸುಳ್ಳು ಹೇಳಲಾರೆ. ಸೇತುವೆ ಕಟ್ಟಲು ನೆರವಾದ ನೀರೇ ವರ್ಷಗಳು ಕಳೆದಂತೆ ಮೆಲ್ಲಗೆ ಅದನ್ನು ಕೊರೆಯುತ್ತದೆ. ಒಂದು ದಿನ ಮತ್ತೆ ತುಂಬಿಸಬೇಕಾದೀತು. ಪೆನ್ಸಿಲ್ ಕಚ್ಚದೆ, ಸರಿಯಾಗಿ ಹಲ್ಲುಜ್ಜಿದರೆ ಹೆಚ್ಚು ಕಾಲ ಬಾಳೀತು.

ನಾಟಕದ ದಿನ ರಾಣಿ ಮಂತ್ರಿಯನ್ನು ಗದರಿಸಬೇಕಿತ್ತು. ನಮ್ಮ ರಾಣಿ ಬಾಯ್ತುಂಬ ನಗುತ್ತಲೇ ಗದರಿಸಿದಳು. ಮೇಷ್ಟರು ಬೈಯಲಿಲ್ಲ.

ಇಂತಿ ನಿಮ್ಮ,
ಅಜ್ಜಿ